ಪುರೊರೆಸು: ಏಟು ತಿನ್ನುವವರ ಅಖಾಡ

ಪುರೊರೆಸು ಎಂಬುದು ಜಪಾನಿನ ವೃತ್ತಿಪರ ಕುಸ್ತಿಗೆ ಅಲ್ಲಿಯ ಜನ ಇಟ್ಟುಕೊಂಡ ಹೆಸರು. ಪ್ರೊಫೆಷನಲ್ ರೆಸ್ಲಿಂಗ್ ಎಂಬ ಇಂಗ್ಲಿಷ್ ಮಾತು ಜಪಾನಿ ನಾಲಗೆಯ ಮೇಲೆ ಹೊರಳಿ, ಮೊಟಕಾಗಿ, ಈ ರೂಪ ತಾಳಿದೆ. ನಾಲ್ಕು ಕಂಬ, ಮೂರು ಸುತ್ತು ಹಗ್ಗ, ಒಬ್ಬ ರೆಫ್ರಿ. ಎದುರಾಳಿಯ ಎರಡೂ ಭುಜ ನೆಲಕ್ಕೊತ್ತಿ ಮೂರು ಎಣಿಸುವವರೆಗೆ ಹಿಡಿದವನಿಗೆ ಗೆಲುವು. ಅಮೆರಿಕದ ಪಂದ್ಯಗಳನ್ನು ಟಿವಿಯಲ್ಲಿ ನೋಡಿ ಬೆಳೆದವರಿಗೆ ಇದೆಲ್ಲ ಗೊತ್ತಿರುವ ಸಂಗತಿ. ಯಾರು ಗೆಲ್ಲಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತದೆ ಎಂಬುದೂ ಎರಡೂ ಕಡೆ ಒಂದೇ. ಆದರೆ ಜಪಾನಿನ ಅಭಿಮಾನಿಯ ಕಣ್ಣು ನೆಟ್ಟಿರುವುದು ಬೇರೆ ಕಡೆ. ಎದೆಯ ಮೇಲೆ ಬಿದ್ದ ಅಂಗೈ ಏಟು ನಿಜ, ಬಾತುಕೊಂಡ ಚರ್ಮ ನಿಜ, ಕತ್ತು ಕೆಳಗಾಗಿ ಬಿದ್ದು ಎದ್ದವನ ಏದುಸಿರು ನಿಜ. ಏಟು ಕೊಟ್ಟವನಿಗಿಂತ ಒಂದು ಕೈ ಹೆಚ್ಚಾಗಿಯೇ ಏಟು ತಿಂದವನನ್ನು ಮೆಚ್ಚುವ ರುಚಿ ಅಲ್ಲಿ ಬೆಳೆದುಬಂದಿದೆ. ಹೀಗೆ ಏಟು ತಿನ್ನುವುದಕ್ಕೆ ‘ಉಕೆ’ ಎನ್ನುತ್ತಾರೆ. ಬಂದುದನ್ನು ಮೈಯೊಡ್ಡಿ ಪಡೆಯುವುದು ಎಂದು ಅರ್ಥ. ಪುರೊರೆಸುವಿನ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಈ ಒಂದು ಮಾತಿನ ಸುತ್ತ ಹೇಳಬಹುದು.

ಚರಿತ್ರೆ ಶುರುವಾಗುವುದು ರಿಕಿಡೋಝಾನ್ ಎಂಬ ಸುಮೊ ಜಟ್ಟಿಯಿಂದ. ಸುಮೊದಲ್ಲಿ ಮೂರನೆಯ ಅತ್ಯುನ್ನತ ದರ್ಜೆಯಾದ ಸೆಕಿವಾಕೆವರೆಗೆ ಏರಿದ್ದ ಆತ 1950ರಲ್ಲಿ ಆ ಬದುಕು ಬಿಟ್ಟು, ಮರುವರ್ಷ ವೃತ್ತಿಪರ ಕುಸ್ತಿಗೆ ಇಳಿದ. 1954ರ ಫೆಬ್ರುವರಿ 19ರಂದು ಟೋಕಿಯೊದ ಕುರಾಮಾಯೆ ಕೊಕುಗಿಕಾನ್‌ನಲ್ಲಿ ಆತನೂ ಜೂಡೊ ದಿಗ್ಗಜ ಮಸಾಹಿಕೊ ಕಿಮುರಾನೂ ಜೋಡಿಯಾಗಿ ಶಾರ್ಪ್ ಸಹೋದರರನ್ನು ಎದುರಿಸಿದರು. ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಗಿ ಆಗಿನ್ನೂ ಒಂದು ವರ್ಷ. ಮನೆಗೆ ಟಿವಿ ಕೊಳ್ಳುವ ಶಕ್ತಿ ಬಹುಪಾಲು ಜನರಿಗೆ ಇರಲಿಲ್ಲವಾದ್ದರಿಂದ ಬೀದಿಬೀದಿಯಲ್ಲಿ ಸಾರ್ವಜನಿಕ ಟಿವಿಗಳನ್ನು ನಿಲ್ಲಿಸಿದ್ದರು. ಶಿಂಬಾಶಿ ರೈಲು ನಿಲ್ದಾಣದ ಮುಂದೆ ಒಂದೇ ಪೆಟ್ಟಿಗೆಯ ಎದುರು ಸುಮಾರು 20 ಸಾವಿರ ಜನ ನೆರೆದರೆಂದು ಹೇಳುತ್ತಾರೆ. ಯುದ್ಧದಲ್ಲಿ ಸೋತು, ಪರದೇಶದ ಸೈನ್ಯದ ಆಡಳಿತ ಕಂಡು, ಅದು ಮುಗಿದು ಎರಡು ವರ್ಷವೂ ಆಗಿರದ ದೇಶ ಅದು. ಎತ್ತರದ ಬಿಳಿಯರಿಬ್ಬರು ಬಡಿಯುತ್ತಾರೆ; ಗಿಡ್ಡ ಮನುಷ್ಯ ತಡೆಯುವಷ್ಟು ತಡೆದು, ಕೊನೆಗೆ ಕೈಯ ಅಂಚಿನಿಂದ ಕರಾಟೆ ಏಟು ಹಾಕುತ್ತಾನೆ. ಮೊದಲು ತಿಂದು ಆಮೇಲೆ ಕೊಡುವ ಈ ಕ್ರಮ ಅವತ್ತೇ ನೆಲೆಯಾಯಿತು.

ಜಪಾನಿನ ಮರ್ಯಾದೆ ಉಳಿಸಿದವನೆಂದು ಇಡೀ ದೇಶ ಹೊತ್ತು ಮೆರೆಸಿದ ಈ ವೀರ ಹುಟ್ಟಿದ್ದು ಕೊರಿಯಾದಲ್ಲಿ. ಹುಟ್ಟುಹೆಸರು ಕಿಮ್ ಸಿನ್ ರಾಕ್. ಬದುಕಿದ್ದಷ್ಟು ದಿನವೂ ಬಹುಪಾಲು ಅಭಿಮಾನಿಗಳಿಗೆ ಈ ವಿಷಯ ತಿಳಿದಿರಲಿಲ್ಲ. ತನ್ನ ಮೂಲವನ್ನು ಮುಚ್ಚಿಟ್ಟು ಇನ್ನೊಂದು ಜನಾಂಗದ ಕನಸಿಗೆ ಮೈಯಾಗಿ ನಿಂತ ಆತನ ಬಾಳು, ಆತ ಆಡಿದ ಯಾವ ಪಂದ್ಯಕ್ಕಿಂತಲೂ ಭಾರವಾದದ್ದು. 1963ರ ಮೇ ತಿಂಗಳಲ್ಲಿ ಮುಖವಾಡದ ಡೆಸ್ಟ್ರಾಯರ್ ಜೊತೆ ಆತ ಆಡಿದ ಪಂದ್ಯವನ್ನು ಶೇಕಡಾ 64 ಮನೆಗಳಲ್ಲಿ ನೋಡಿದರು. ಅದೇ ಡಿಸೆಂಬರ್‌ನಲ್ಲಿ ಟೋಕಿಯೊದ ಒಂದು ನೈಟ್‌ಕ್ಲಬ್‌ನಲ್ಲಿ ಚೂರಿ ಇರಿತಕ್ಕೆ ಒಳಗಾಗಿ, ವಾರ ಕಳೆಯುವಷ್ಟರಲ್ಲಿ ತೀರಿಕೊಂಡ.

ರಿಕಿಡೋಝಾನ್ ಬಿಟ್ಟುಹೋದದ್ದು ಇಬ್ಬರು ಶಿಷ್ಯರನ್ನು. 1960ರ ಸೆಪ್ಟೆಂಬರ್ 30ರಂದು ಒಂದೇ ದಿನ ಇಬ್ಬರೂ ಮೊದಲ ಸಲ ರಿಂಗ್ ಹತ್ತಿದ್ದರು. ಒಬ್ಬ ಜೈಂಟ್ ಬಾಬಾ, ಬೇಸ್‌ಬಾಲ್ ಎಸೆತಗಾರನಾಗಿದ್ದ ಭಾರಿ ಆಳು. ಇನ್ನೊಬ್ಬ ಆಂಟೋನಿಯೊ ಇನೋಕಿ, ಮನೆಯವರೊಂದಿಗೆ ಬ್ರೆಜಿಲ್‌ಗೆ ವಲಸೆ ಹೋಗಿ ತೋಟದಲ್ಲಿ ದುಡಿಯುತ್ತಿದ್ದಾಗ ಗುರುವಿನ ಕಣ್ಣಿಗೆ ಬಿದ್ದ ಹುಡುಗ. 1972ರಲ್ಲಿ ಇನೋಕಿ ನ್ಯೂ ಜಪಾನ್ ಸಂಸ್ಥೆಯನ್ನೂ ಬಾಬಾ ಆಲ್ ಜಪಾನ್ ಸಂಸ್ಥೆಯನ್ನೂ ಕಟ್ಟಿದರು. ಜಪಾನಿನ ಅಭಿಮಾನಿಗಳು ಇಂದಿಗೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಬಾಬಾ ಕಡೆಯವರು ಅಥವಾ ಇನೋಕಿ ಕಡೆಯವರು.

ಇನೋಕಿಗೆ ತನ್ನ ಕುಸ್ತಿಯೇ ಎಲ್ಲ ಕಾಳಗಗಳ ತಾಯಿ ಎಂದು ಸಾಧಿಸುವ ಹಟ. 1976ರ ಜೂನ್ 26ರಂದು ಟೋಕಿಯೊದ ಬುಡೊಕಾನ್‌ನಲ್ಲಿ ಮುಹಮ್ಮದ್ ಅಲಿಯ ಎದುರಿಗೆ ನಿಂತ. ನಿಂತದ್ದಕ್ಕಿಂತ ಮಲಗಿದ್ದೇ ಹೆಚ್ಚು. ಅಂಗಾತ ಬಿದ್ದುಕೊಂಡೇ 15 ಸುತ್ತು ಅಲಿಯ ಕಾಲಿಗೆ ಒದ್ದ. ಪಂದ್ಯ ಡ್ರಾ ಆಯಿತು, ಪತ್ರಿಕೆಗಳು ಹಳಿದವು. ಅಲಿಯ ಕಾಲು ಮಾತ್ರ ಬಾತು ಆಸ್ಪತ್ರೆಯ ಆರೈಕೆ ಬೇಕಾಯಿತು. ಮಿಶ್ರ ಸಮರಕಲೆ ಎಂಬ ಇವತ್ತಿನ ಆಟದ ಬೇರು ಹುಡುಕುವವರು ಮರಳಿ ಮರಳಿ ಆ ಸಂಜೆಗೇ ಬರುತ್ತಾರೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಇನೋಕಿ ಕರಾಚಿಗೆ ಹೋದ. ಎದುರಾಳಿ ಅಕ್ರಮ್ ಪೈಲ್ವಾನ್, ನಮ್ಮ ಉಪಖಂಡದ ಕುಸ್ತಿಯಲ್ಲಿ ದಂತಕತೆಯಾದ ಗಾಮಾನ ತಮ್ಮ ಇಮಾಂ ಬಕ್ಷನ ಮಗ. ಆ ದಿನ ಆಟ ಎಲ್ಲೋ ತಿರುಗಿ ನಿಜವಾದ ಕಾಳಗವಾಯಿತು. ಇನೋಕಿಯ ತೋಳಿನ ಪಟ್ಟಿಗೆ ಸಿಕ್ಕಿದ ಅಕ್ರಮ್ ಸೋಲೊಪ್ಪಲಿಲ್ಲ, ತೋಳು ಕೈಕೊಟ್ಟಿತು. ಮನೆತನದ ಮಾನ ಉಳಿಸಲು ಹುಡುಗ ಝಾರಾ ಪೈಲ್ವಾನ್ ತಯಾರಾದ. 1979ರ ಜೂನ್‌ನಲ್ಲಿ ಲಾಹೋರಿನಲ್ಲಿ ಐದು ಸುತ್ತು ಇನೋಕಿಗೆ ಬಗ್ಗದೆ ನಿಂತ. ಕೊನೆಗೆ ಇನೋಕಿಯೇ ಆ ಹುಡುಗನ ಕೈ ಹಿಡಿದು ಮೇಲೆತ್ತಿದ.

ಉಪಖಂಡದ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ದಾರಾ ಸಿಂಗ್ 1950ರ ದಶಕದಲ್ಲೇ ಜಪಾನಿನ ರಿಂಗಿನಲ್ಲಿ ಕಾದಿದ್ದ. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋಗಿ ನೆಲೆಸಿದ ಟೈಗರ್ ಜೀತ್ ಸಿಂಗ್, ಪೇಟ ಸುತ್ತಿ ಕತ್ತಿ ಹಿಡಿದು, 70ರ ದಶಕದ ಜಪಾನಿ ಮಕ್ಕಳ ಕನಸಿನಲ್ಲಿ ಬರುವ ಖಳನಾದ. 1973ರಲ್ಲಿ ಶಿಂಜುಕುವಿನ ಒಂದು ದೊಡ್ಡ ಅಂಗಡಿಯ ಮುಂದೆ, ಹೆಂಡತಿಯೊಡನೆ ಬಂದಿದ್ದ ಇನೋಕಿಯ ಮೇಲೆ ಎರಗಿ, ಪೊಲೀಸರು ಓಡಿಬರುವಂತೆ ಮಾಡಿದ. ಇವೆಲ್ಲಕ್ಕಿಂತ ಆಳವಾದ ನಂಟು ತಾಲೀಮಿನದು. ಇನೋಕಿಯ ಗುರು, ಬೆಲ್ಜಿಯಂ ಮೂಲದ ಕಾರ್ಲ್ ಗಾಚ್, ಭಾರತದ ಪೈಲ್ವಾನರ ಬಸ್ಕಿ ಮತ್ತು ದಂಡಗಳನ್ನು ಜಪಾನಿನ ತಾಲೀಮಿಗೆ ತಂದವರಲ್ಲಿ ಮುಖ್ಯನಾದವನು. ಅಲ್ಲಿ ಬಸ್ಕಿಗೆ ಇವತ್ತಿಗೂ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು. ಮೈಸೂರಿನ ಗರಡಿ ಮನೆಯಲ್ಲಿ ಸಾಮು ಮಾಡಿದ ಒಬ್ಬ ಹಿರಿಯ ಟೋಕಿಯೊದ ತಾಲೀಮು ಮನೆಗೆ ಕಾಲಿಟ್ಟರೆ ಭಾಷೆ ಗೊತ್ತಿಲ್ಲದೆಯೂ ಅಲ್ಲಿ ಏನು ನಡೆದಿದೆ ಎಂದು ತಿಳಿಯುತ್ತದೆ.

ಆ ತಾಲೀಮು ಮನೆಯೇ ‘ಡೋಜೊ’. ನ್ಯೂ ಜಪಾನ್ ಸಂಸ್ಥೆಯದು ಟೋಕಿಯೊದ ಸೆತಗಾಯಾ ವಾರ್ಡಿನ ನೊಗೆಯಲ್ಲಿದೆ. ಸೇರಿದ ಹುಡುಗರು ಅಲ್ಲೇ ಉಳಿದು, ಕಸ ಗುಡಿಸಿ, ಹಿರಿಯರ ಬಟ್ಟೆ ಒಗೆದು, ಸುಮೊದಿಂದ ಬಂದ ‘ಚಾಂಕೊ’ ಎಂಬ ಮಾಂಸ-ತರಕಾರಿಯ ಸಾರು ಬೇಯಿಸಬೇಕು. ಬಸ್ಕಿ ನೂರರ ಲೆಕ್ಕದಲ್ಲಿ, ಕೆಲವು ದಿನ ಸಾವಿರದ ಲೆಕ್ಕದಲ್ಲಿ. ಎಲ್ಲಕ್ಕೂ ಮೊದಲು ಕಲಿಸುವುದು ‘ಉಕೆಮಿ’, ಅಂದರೆ ಬೀಳುವ ವಿದ್ಯೆ. ಬೀಳಲು ಬಾರದವನಿಗೆ ಎತ್ತಿ ಹಾಕುವುದನ್ನು ಯಾರೂ ಕಲಿಸುವುದಿಲ್ಲ. ರಿಂಗಿಗೆ ಇಳಿದ ಮೇಲೂ ಈ ‘ಮರಿ ಸಿಂಹ’ಗಳಿಗೆ ಕಪ್ಪು ಚಡ್ಡಿ, ಕಪ್ಪು ಬೂಟು, ಬೋಳಿಸಿದಂಥ ತಲೆ, ನಾಲ್ಕೈದು ಮೂಲ ಪಟ್ಟುಗಳು ಮಾತ್ರ. ಆಮೇಲೆ ಪರದೇಶಕ್ಕೆ ಕಳುಹಿಸುತ್ತಾರೆ. ಒಂದೆರಡು ವರ್ಷ ಕಳೆದು ಹೊಸ ವೇಷ, ಹೊಸ ಹೆಸರು, ಹೊಸ ಪಟ್ಟಿನೊಂದಿಗೆ ಅವರು ಮರಳುವ ರಾತ್ರಿ, ಮೊದಲ ದಿನದಿಂದ ನೋಡುತ್ತಾ ಬಂದ ಅಭಿಮಾನಿಗೆ ಊರಿನ ಹುಡುಗ ಪಟ್ಟಣದಿಂದ ಬಂದಿಳಿದಂಥ ಸಂಭ್ರಮ.

ಮುಖವಾಡದ ಕತೆಯೂ ಇಲ್ಲಿ ವಿಶೇಷ. ಟೈಗರ್ ಮಾಸ್ಕ್ ಮೊದಲು ಹುಟ್ಟಿದ್ದು ಚಿತ್ರಕತೆಯ ಪುಟದಲ್ಲಿ. 1981ರ ಏಪ್ರಿಲ್ 23ರಂದು ಸತೊರು ಸಯಾಮಾ ಆ ಹುಲಿ ಮುಖ ತೊಟ್ಟು ಬ್ರಿಟನ್ನಿನ ಡೈನಮೈಟ್ ಕಿಡ್ ಎದುರು ರಿಂಗಿಗೆ ಬಂದಾಗ, ಚಿತ್ರದಲ್ಲಿ ಮಾತ್ರ ಸಾಧ್ಯವೆಂದುಕೊಂಡಿದ್ದ ನೆಗೆತ, ಒದೆತ, ಲಾಗಗಳು ಕಣ್ಣೆದುರು ನಡೆದವು. 1989ರಲ್ಲಿ ಇದೇ ದಾರಿಯಲ್ಲಿ ಬಂದ ಜೂಶಿನ್ ಥಂಡರ್ ಲೈಗರ್ ಕಡಿಮೆ ತೂಕದವರ ವಿಭಾಗವನ್ನು ಮೂರು ದಶಕ ಹೆಗಲ ಮೇಲೆ ಹೊತ್ತು, 2020ರ ಜನವರಿಯಲ್ಲಿ ನಿವೃತ್ತನಾದ. ನಡುವೆ ಮೆದುಳಿನ ಗೆಡ್ಡೆಯನ್ನೂ ಗೆದ್ದು ಬಂದಿದ್ದ.

ಪುರೊರೆಸುವಿನ ಶಿಖರ ಯಾವುದೆಂದು ಕೇಳಿದರೆ ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ 90ರ ದಶಕದ ಆಲ್ ಜಪಾನ್ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕುವುದು ಕಷ್ಟ. 1990ರ ಜೂನ್ 8ರಂದು, ಸಯಾಮಾನ ನಂತರ ತಾನು ತೊಟ್ಟಿದ್ದ ಟೈಗರ್ ಮಾಸ್ಕ್ ಮುಖವಾಡವನ್ನು ಆಗಷ್ಟೇ ಕಿತ್ತೆಸೆದಿದ್ದ ಮಿತ್ಸುಹಾರು ಮಿಸಾವಾ, ಒಲಿಂಪಿಕ್ಸ್‌ನಲ್ಲೂ ಕಾದಿದ್ದ ಹಿರಿಯ ಜಂಬೊ ತ್ಸುರುತಾನನ್ನು ಸೋಲಿಸಿದ. ಬುಡೊಕಾನ್‌ನಲ್ಲಿ ಜನ ಮಿಸಾವಾ, ಮಿಸಾವಾ ಎಂದು ಕೂಗಿ ಅತ್ತರು. ಆತನ ಜೊತೆ ತೊಶಿಯಾಕಿ ಕವಾಡಾ, ಕೆಂಟಾ ಕೊಬಾಶಿ, ಅಕಿರಾ ತಾವೆ ಸೇರಿ, ಬೌದ್ಧ ಪುರಾಣದ ನಾಲ್ಕು ದಿಕ್ಪಾಲಕರ ಹೆಸರನ್ನೇ ಪಡೆದರು. ಕುರ್ಚಿಯಿಂದ ಬಡಿಯುವುದು, ಹೊರಗಿನವರು ನುಗ್ಗಿ ಪಂದ್ಯ ಕೆಡಿಸುವುದು ಇವರಲ್ಲಿ ಇಲ್ಲ. ಇಬ್ಬರು ರಿಂಗಿಗೆ ಬಂದರೆ ಒಬ್ಬನ ಭುಜ ನೆಲಕ್ಕೆ ತಾಗಿಯೇ ಆಟ ಮುಗಿಯಬೇಕು. ಹೋದ ವರ್ಷ ಯಾವ ಪಟ್ಟಿಗೆ ಸೋತಿದ್ದನೋ ಈ ವರ್ಷ ಅದರಿಂದ ಎದ್ದುಬರುತ್ತಾನೆ. ಹಾಗಾದರೆ ಎದುರಾಳಿ ಇನ್ನೂ ಭಾರಿಯಾದದ್ದನ್ನು ತರಬೇಕು. ಹೀಗೆ ವರ್ಷಗಟ್ಟಲೆ ಒಂದರ ಮೇಲೊಂದು ಬೆಳೆಯುತ್ತಾ ಹೋದ ಪಂದ್ಯಗಳು, ಕಂತು ಕಂತಾಗಿ ಬರುವ ಒಂದೇ ಕಾದಂಬರಿಯಂತೆ.

1995ರ ಜೂನ್ 9ರ ಜೋಡಿ ಪಂದ್ಯ ಆ ಕಾದಂಬರಿಯ ಎದೆ ಹಿಂಡುವ ಅಧ್ಯಾಯ. ಒಂದು ಕಡೆ ಮಿಸಾವಾ, ಕೊಬಾಶಿ. ಇನ್ನೊಂದು ಕಡೆ ಕವಾಡಾ, ತಾವೆ. ಕವಾಡಾ ಶಾಲೆಯಲ್ಲಿ ಮಿಸಾವಾನ ಕಿರಿಯ, ಅವನ ನೆರಳಲ್ಲೇ ಬೆಳೆದವ, ಅಲ್ಲಿಯವರೆಗೆ ಒಮ್ಮೆಯೂ ಅವನ ಭುಜ ನೆಲಕ್ಕೊತ್ತಲು ಆಗದವ. ನಲವತ್ತು ನಿಮಿಷ ದಾಟಿದೆ. ಕೊಬಾಶಿಯ ಕಾಲು ಕೆಲಸ ಮಾಡುತ್ತಿಲ್ಲ. ಮಿಸಾವಾ ಏಳಲಾಗದೆ ಬಿದ್ದಿದ್ದಾನೆ. ಆಗ ಕೊಬಾಶಿ ಕಾಲೆಳೆದುಕೊಂಡು ಬಂದು, ಹೊಡೆಯಲು ಶಕ್ತಿಯಿಲ್ಲದೆ, ತನ್ನ ಮೈಯನ್ನೇ ಹೊದಿಕೆಯಾಗಿ ಮಿಸಾವಾನ ಮೇಲೆ ಹರಡಿಕೊಳ್ಳುತ್ತಾನೆ. ಅವನನ್ನು ಎಳೆದು ಹಾಕಿದ ಮೇಲೆ ಕವಾಡಾಗೆ ಕೊನೆಗೂ ಗೆಲುವು. ಈ ಪಂದ್ಯ ನೋಡಿ ಪುರೊರೆಸುವಿಗೆ ಮನಸೋತವರು ಜಗತ್ತಿನ ಮೂಲೆಮೂಲೆಯಲ್ಲಿ ಸಿಗುತ್ತಾರೆ. ಫಲಿತಾಂಶ ಮೊದಲೇ ಗೊತ್ತಿತ್ತಲ್ಲ ಎಂದು ಯಾರಾದರೂ ಹೇಳಿದರೆ ಅವರು ಆ ಹೊದಿಕೆಯ ಕ್ಷಣವನ್ನು ತೋರಿಸುತ್ತಾರೆ.

ಈ ದಾರಿಗೆ ಬೆಲೆ ಇತ್ತು. ಕತ್ತಿನ ಮೇಲೆ ಬೀಳುವ ಪಟ್ಟುಗಳು ವರ್ಷದಿಂದ ವರ್ಷಕ್ಕೆ ಏರಿದವು, ಬೀಳುವವರ ವಯಸ್ಸೂ ಏರಿತು. 2000ದಲ್ಲಿ ಆಲ್ ಜಪಾನ್ ಬಿಟ್ಟು ನೋಆ ಎಂಬ ಸಂಸ್ಥೆ ಕಟ್ಟಿದ ಮಿಸಾವಾ ಅದರ ಅಧ್ಯಕ್ಷನೂ ಆಗಿದ್ದ, ಮುಖ್ಯ ಆಟಗಾರನೂ ಆಗಿದ್ದ. ತನ್ನ ಹೆಸರಿಗೆ ಟಿಕೆಟ್ ಹರಿಯುವಾಗ ವಿಶ್ರಾಂತಿ ಪಡೆಯಲಿಲ್ಲ. 2009ರ ಜೂನ್ 13ರಂದು ಹಿರೊಶಿಮಾದಲ್ಲಿ ಸಾವಿರಾರು ಸಲ ತಿಂದಿದ್ದ ಒಂದು ಸಾಧಾರಣ ಎತ್ತುಹಾಕುವ ಪಟ್ಟಿನ ನಂತರ ಆತ ಏಳಲಿಲ್ಲ. ಕತ್ತಿನ ನರಹುರಿಗೆ ಪೆಟ್ಟಾಗಿತ್ತು. ಬೀಳುವ ವಿದ್ಯೆಯಲ್ಲಿ ಆತನನ್ನು ಮೀರಿಸಿದವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆಗ ಆತನಿಗೆ 46 ವರ್ಷ. ಪುರೊರೆಸುವನ್ನು ಪ್ರೀತಿಸುವವರು ಆ ಹಳೆಯ ಪಂದ್ಯಗಳನ್ನು ಇವತ್ತು ನೋಡುವಾಗ ಕೈತಟ್ಟುತ್ತಲೇ ಕಣ್ಣು ಮುಚ್ಚಿಕೊಳ್ಳುವ ಗಳಿಗೆಗಳು ಬರುತ್ತವೆ. ಆ ಎರಡನ್ನೂ ಒಟ್ಟಿಗೆ ಹೊರದೆ ಈ ಆಟವನ್ನು ಪ್ರಾಮಾಣಿಕವಾಗಿ ಮೆಚ್ಚುವುದು ಸಾಧ್ಯವಿಲ್ಲ.

ಕೊಬಾಶಿಯ ಬಗ್ಗೆ ಇನ್ನೊಂದು ಮಾತು. 2006ರಲ್ಲಿ ಆತನಿಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಬುಡೊಕಾನ್‌ಗೆ ಮರಳಿದ. ಅಂದು ಆತ ಪಂದ್ಯ ಸೋತ. ಸಭಾಂಗಣದಲ್ಲಿ ಅದನ್ನು ಸೋಲೆಂದು ಯಾರೂ ಎಣಿಸಲಿಲ್ಲ.

ಹೆಂಗಸರ ಕುಸ್ತಿಯನ್ನು ಪುರುಷರದ್ದರ ಬಾಲವೆಂದು ಬರೆಯುವ ರೂಢಿ ತಪ್ಪು. ಜಪಾನಿನಲ್ಲಿ ಅದು ತನ್ನದೇ ಸಂಸ್ಥೆ, ತನ್ನದೇ ಅಭಿಮಾನಿಗಳೊಂದಿಗೆ ಬೆಳೆದ ಕಲೆ. 1968ರಲ್ಲಿ ಶುರುವಾದ ಆಲ್ ಜಪಾನ್ ವಿಮೆನ್ಸ್ ಸಂಸ್ಥೆಯಲ್ಲಿ ಹುಡುಗಿಯರು ಮದ್ಯ, ತಂಬಾಕು, ಗಂಡಸರ ಸ್ನೇಹ ಮೂರನ್ನೂ ಬಿಡಬೇಕಿತ್ತು, 25 ದಾಟಿದರೆ ಮನೆಗೆ ಹೋಗಬೇಕಿತ್ತು. 80ರ ದಶಕದಲ್ಲಿ ಚಿಗುಸಾ ನಗಾಯೊ ಮತ್ತು ಲಯನೆಸ್ ಅಸುಕಾ ‘ಕ್ರಶ್ ಗ್ಯಾಲ್ಸ್’ ಜೋಡಿಯಾಗಿ ಹಾಡಿ, ಕಾದಿ, ಶಾಲಾ ಹುಡುಗಿಯರ ಆರಾಧ್ಯ ದೈವವಾದರು. ಅವರಿಗೆ ಎದುರಾಗಿ ಮುಖಕ್ಕೆ ಬಣ್ಣ ಬಳಿದು, ಬಿದಿರು ಕತ್ತಿ ಹಿಡಿದ ಡಂಪ್ ಮತ್ಸುಮೊಟೊ. 1985ರ ಆಗಸ್ಟ್ 28ರಂದು ಒಸಾಕಾದಲ್ಲಿ ಸೋತವರ ತಲೆ ಬೋಳಿಸುವ ಪಂದ್ಯ. ನಗಾಯೊ ಸೋತಳು. ರಕ್ತ ಸುರಿಯುತ್ತಿದ್ದ ಅವಳನ್ನು ರಿಂಗಿನ ನಡುವೆ ಕೂರಿಸಿ ಕೂದಲು ಕತ್ತರಿಸುವಾಗ ಸಾವಿರಾರು ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಆ ಅಳುವಿನ ಧ್ವನಿಯನ್ನು ಒಮ್ಮೆ ಕೇಳಿದವರು ಇದು ಬರೀ ನಾಟಕವೆಂದು ಹಗುರವಾಗಿ ಹೇಳಲಾರರು. ಆ ಕಾಲದ ಕತೆಯನ್ನೇ 2024ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿ ಮಾಡಿತು. ಕುಸ್ತಿ ಕಲಿಸಿದವಳು ಸ್ವತಃ ನಗಾಯೊ.

ಮುಂದಿನ ಪೀಳಿಗೆಯ ಅಕಿರಾ ಹೊಕುಟೊ 1987ರಲ್ಲಿ ಕತ್ತಿನ ಮೂಳೆ ಮುರಿದರೂ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಂದ್ಯ ಮುಂದುವರಿಸಿದಳು. ಮನಾಮಿ ತೊಯೊಟಾ 2017ರಲ್ಲಿ ನಿವೃತ್ತಳಾದ ದಿನ ಐವತ್ತು ಜನ ಎದುರಾಳಿಗಳನ್ನು ಒಬ್ಬರ ನಂತರ ಒಬ್ಬರಂತೆ ಎದುರಿಸಿದಳು. ಹಳೆಯ ಸಂಸ್ಥೆ 2005ರಲ್ಲಿ ಮುಚ್ಚಿತು. ಈಗ ಸ್ಟಾರ್‌ಡಮ್ ಮುಂತಾದವು ಆ ಜಾಗದಲ್ಲಿವೆ.

ಅಂಚಿನ ಪಂಥಗಳೂ ಇವೆ. ಅತ್ಸುಶಿ ಓನಿತಾ ಹಗ್ಗದ ಬದಲು ಮುಳ್ಳುತಂತಿ ಕಟ್ಟಿ ಸಿಡಿಮದ್ದು ಜೋಡಿಸಿದ. ಡಿಡಿಟಿ ಸಂಸ್ಥೆಯವರು ಪುಸ್ತಕದಂಗಡಿಯಲ್ಲೂ ಆಡುತ್ತಾರೆ, ಗಾಳಿ ತುಂಬಿದ ಬೊಂಬೆಯ ಜೊತೆಗೂ ಆಡುತ್ತಾರೆ. ಬೊಂಬೆ ಎತ್ತಿ ಹಾಕಿದಂತೆ ಬೀಳುವುದು ಎಷ್ಟು ಕಷ್ಟದ ವಿದ್ಯೆ ಎಂದು ಬಲ್ಲವರಿಗೆ ಗೊತ್ತು.

ಅಭಿಮಾನಿಗಳ ಮನೆ ಎಂದರೆ ಟೋಕಿಯೊ ಡೋಮ್ ಪಕ್ಕದ ಕಟ್ಟಡದ ಐದನೆಯ ಮಹಡಿಯಲ್ಲಿರುವ ಕೊರಾಕುಯೆನ್ ಹಾಲ್. 1962ರಿಂದ ಇದೆ, ಎರಡು ಸಾವಿರದಷ್ಟು ಜನ ಹಿಡಿಸುತ್ತದೆ. ಮೆಟ್ಟಿಲಿನ ಗೋಡೆ ತುಂಬ ಅಭಿಮಾನಿಗಳ ಬರಹ. ಆಟ ಶುರುವಾದಾಗ ಅಲ್ಲಿ ಮೌನ. ತೋಳು ತಿರುಚಿದಾಗ ಬರುವ ಉಸಿರೂ ಕೇಳುತ್ತದೆ. ಆಮೇಲೆ ಸಣ್ಣ ಚಪ್ಪಾಳೆ, ಮತ್ತೆ ಮೌನ, ಮತ್ತೆ ಒಮ್ಮೆಲೇ ಗರ್ಜನೆ. ಹೆಸರು ಕರೆಯುವಾಗ ನೆಚ್ಚಿನವರ ಬಣ್ಣದ ಕಾಗದದ ಸುರುಳಿಗಳು ನಾಲ್ಕೂ ಕಡೆಯಿಂದ ಹಾರಿ ಬರುತ್ತವೆ. ತಾಗಿದರೆ ನೋವಾಗಬಾರದೆಂದು ಸುರುಳಿಯ ನಡುವಿನ ಗಟ್ಟಿ ಕೊಳವೆಯನ್ನು ಮೊದಲೇ ತೆಗೆದಿರುತ್ತಾರೆ. ರಿಂಗಿನ ಹೊರಗೆ ಬಿದ್ದವನಿಗೆ ಅಮೆರಿಕದಲ್ಲಿ ಹತ್ತು ಎಣಿಸಿದರೆ ಇಲ್ಲಿ ಇಪ್ಪತ್ತು. ಎದ್ದು ಬರಲು ಹೆಚ್ಚು ಹೊತ್ತು, ಜನ ಕೂಗಿ ಎಬ್ಬಿಸಲು ಹೆಚ್ಚು ಹೊತ್ತು. ಕೊರೊನಾ ಕಾಲದಲ್ಲಿ ಕೂಗುವುದನ್ನು ನಿಷೇಧಿಸಿದಾಗ ಇದೇ ಜನ ಬಾಯಿ ಬಿಡದೆ, ಅಂಗೈ ತಟ್ಟಿ, ಕಾಲು ಬಡಿದು ಪಂದ್ಯಗಳನ್ನು ಉಳಿಸಿದರು.

ಅಭಿಮಾನವನ್ನು ವಿಚಾರವಾಗಿ ಬೆಳೆಸಿದ್ದೂ ಜಪಾನಿನ ಹಿರಿಮೆ. 1980ರಲ್ಲಿ ಲೇಖಕ ತೊಮೊಮಿ ಮುರಾಮತ್ಸು, ತಾನು ಪುರೊರೆಸುವಿನ ಪಕ್ಷದವನು ಎಂಬರ್ಥದ ಹೆಸರಿನ ಪುಸ್ತಕ ಬರೆದು, ನಾಚಿಕೆಯಿಲ್ಲದೆ ಇದನ್ನು ಪ್ರೀತಿಸುವ ಧೈರ್ಯ ಕೊಟ್ಟ. ಎರಡು ವರ್ಷದ ಮೇಲೆ ಆತನಿಗೆ ಪ್ರತಿಷ್ಠಿತ ನಾವೊಕಿ ಪ್ರಶಸ್ತಿ ಬಂತು. ‘ಶೂಕನ್ ಪುರೊರೆಸು’ ವಾರಪತ್ರಿಕೆ 1995ರ ಏಪ್ರಿಲ್ 2ರಂದು 13 ಸಂಸ್ಥೆಗಳನ್ನು ಟೋಕಿಯೊ ಡೋಮ್‌ನಲ್ಲಿ ಒಂದೇ ದಿನ ಆಡಿಸಿತು.

2000ದ ಮೊದಲ ದಶಕದಲ್ಲಿ ನಿಜ ಕಾಳಗದ ಪಂದ್ಯಗಳ ಅಲೆಗೆ ಸಿಕ್ಕಿ ಪುರೊರೆಸು ಬಡವಾಯಿತು. ಖಾಲಿ ಕುರ್ಚಿಗಳ ಎದುರು ನಿಂತು, ಊರೂರಿಗೆ ಹೋಗಿ ತಾನೇ ಪ್ರಚಾರ ಮಾಡಿ, ಪ್ರತಿ ರಾತ್ರಿ ‘ನಿಮ್ಮನ್ನು ಪ್ರೀತಿಸುತ್ತೇನೆ’ ಎಂದು ಹೇಳಿ ಜನರನ್ನು ಮರಳಿ ಕರೆತಂದವರಲ್ಲಿ ಹಿರೊಶಿ ತನಾಹಾಶಿ ಮೊದಲಿಗ. 2012ರಲ್ಲಿ ಇಸ್ಪೀಟಿನಂಥ ಆಟದ ಕಾರ್ಡುಗಳನ್ನು ಮಾರುವ ಬುಶಿರೋಡ್ ಕಂಪನಿ ನ್ಯೂ ಜಪಾನನ್ನು ಕೊಂಡಿತು. ಅದೇ ವರ್ಷ ಫೆಬ್ರುವರಿಯಲ್ಲಿ 24 ವರ್ಷದ ಕಜುಚಿಕಾ ಒಕಾಡಾ ತನಾಹಾಶಿಯನ್ನು ಸೋಲಿಸಿದ. 2017ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಒಕಾಡಾ ಮತ್ತು ಕೆನಡಾದ ಕೆನ್ನಿ ಒಮೆಗಾ 46 ನಿಮಿಷ ಮೀರಿ ಆಡಿದ ಪಂದ್ಯಕ್ಕೆ, ಐದು ತಾರೆಗಳ ಅಳತೆಗೋಲಿಗೆ ಹೆಸರಾದ ಅಮೆರಿಕದ ವಿಮರ್ಶಕ ಡೇವ್ ಮೆಲ್ಟ್ಜರ್ ಆರು ತಾರೆ ಕೊಟ್ಟ. ಅದೇ ವರ್ಷ ಜೂನ್‌ನಲ್ಲಿ ಇಬ್ಬರೂ 60 ನಿಮಿಷ ಕಾದಿ ಡ್ರಾ ಮಾಡಿಕೊಂಡರು. ಮರುವರ್ಷ ಒಸಾಕಾದಲ್ಲಿ ಒಮೆಗಾ ಗೆದ್ದ.

2017ರ ಮೇ ತಿಂಗಳಲ್ಲಿ, ಒಕಾಡಾ ಮತ್ತು ಒಮೆಗಾರ ಹೆಸರು ಜಗತ್ತಿನ ಬಾಯಲ್ಲಿದ್ದಾಗಲೇ, ಯೊಶಿಹಿರೊ ತಕಾಯಾಮಾ ಒಂದು ಪಂದ್ಯದಲ್ಲಿ ತಲೆ ಕೆಳಗಾಗಿ ಬಿದ್ದ. ಮುಖ ಊದುವವರೆಗೆ ಏಟು ತಿಂದೂ ಹಿಂಜರಿಯದ ಎತ್ತರದ ಆಳು ಆತ. ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿತು. ಆತನ ಚಿಕಿತ್ಸೆಗೆ ಹಣ ಕೂಡಿಸಲು ಹಳೆಯ ಎದುರಾಳಿ ಮಿನೊರು ಸುಝುಕಿ ಮುಂದೆ ನಿಂತ. ಸಭಾಂಗಣಗಳ ಬಾಗಿಲಲ್ಲಿ ಹುಂಡಿಗಳನ್ನಿಟ್ಟರು, ಬೇರೆ ಬೇರೆ ಸಂಸ್ಥೆಗಳವರು ಸೇರಿ ಪಂದ್ಯಗಳನ್ನು ಏರ್ಪಡಿಸಿದರು. 2024ರ ಸೆಪ್ಟೆಂಬರ್ 3ರಂದು ಕೊರಾಕುಯೆನ್ ಹಾಲ್‌ನಲ್ಲಿ ತಕಾಯಾಮಾನನ್ನು ಗಾಲಿ ಕುರ್ಚಿಯಲ್ಲಿ ರಿಂಗಿನೊಳಗೆ ತಂದರು. ಎದುರಿಗೆ ಚಡ್ಡಿ ತೊಟ್ಟು ಸಿದ್ಧನಾಗಿ ಬಂದ ಸುಝುಕಿ. ಗಂಟೆ ಹೊಡೆದರು. ಜಪಾನಿನ ಅತಿ ಕ್ರೂರ ಖಳನೆಂದು ಹೆಸರು ಮಾಡಿದ ಆ ಮನುಷ್ಯ, ಎದ್ದು ನಿಲ್ಲು ಎಂದು ಗೆಳೆಯನನ್ನು ಕೂಗಿ ಕರೆಯುತ್ತಾ ಅಳತೊಡಗಿದ. ತಕಾಯಾಮಾ ಏಳಲು ಹವಣಿಸಿದ, ಮೈ ಕೇಳಲಿಲ್ಲ. ಫಲಿತಾಂಶವಿಲ್ಲದ ಪಂದ್ಯವೆಂದು ಅದನ್ನು ಬರೆದುಕೊಂಡರು.